ಹಾಲು ಉಕ್ಕಿಸಬಾರದ ಮನೆ

ಸುಗಂಧವ್ವ ಎಳೆಮನೆಯ ಪಾಯಕ್ಕೆ ಎರಡನೇ ಕೊಡ ನೀರು ಹಾಕುವಾಗ ದಲ್ಲಾಳಿ ರುದ್ರಗೌಡ ಬಂದ. ವಾರವಿಡೀ ಗಾರ್ಮೆಂಟ್ಸಿನಲ್ಲಿ ಗುಂಡಿ ಹಚ್ಚಿ, ಭಾನುವಾರಕ್ಕೊಮ್ಮೆ ಬಂದು ಅವಳು ಸಾಕಿದ ಮನೆ ಅದು. ಒಂದೇ ಕೋಣೆಯ ಮನೆಸಸಿ ಕೊಂಡಿದ್ದಳು, ಬೆಳೆಸಿ ಮಾರಲೆಂದೇ. ಈಗ ಅಡುಗೆಮನೆಯೂ ಚಿಗುರಿತ್ತು.

"ನಾಳೆ ಗಿರಾಕಿ ಬರ್ತಾನ. ಒಳಗ ಹಾಲು ಉಕ್ಕಿಸಿಲ್ಲ ಹೌದಿಲ್ಲೋ? ಉಕ್ಕಿಸಿದ್ರ ಮನಿ ನಿಮ್ಮ ಮಂದೀನ ಬಿಟ್ಟು ಬ್ಯಾರೆಯವರಿಗೆ ಬಾಗಲಾ ತಗಿಯೂದಿಲ್ಲ ನೋಡ್ರಿ."

"ಚಹಾ ಸುದ್ದಾ ಹೊರಗ ಕುಡೀತೀನ್ರೀ ಗೌಡ್ರ. ನನಗೇನ್ ಕಲಿಸಾಕ ಬರ್ತೀರಿ!"

ಅವನು ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಗುಡಿಸಿದ್ದನ್ನೇ ಗುಡಿಸುತ್ತ ಅಡುಗೆಮನೆಗೆ ಹೋದರೆ, ಒಲೆಯ ಕಟ್ಟೆ ಮೊಣಕಾಲೆತ್ತರಕ್ಕೇ ಬೆಳೆದು ನಿಂತುಬಿಟ್ಟಿತ್ತು. ಸೊಂಟ ಬಿದ್ದ ಅಕ್ಕ ನಿಂಬವ್ವ ಕಂಡವರ ಮನೆಯಲ್ಲಿ ನಿಂತು ಬೇಯಿಸುವ ಕಷ್ಟವನ್ನು ಸುಗಂಧವ್ವ ನೀರು ಹಾಕುವಾಗೆಲ್ಲ ಗೊಣಗಿದ್ದಳಲ್ಲ, ಮನೆ ಕೇಳಿಸಿಕೊಂಡಿತ್ತು.

"ಕದ್ದು ಕೇಳ್ತೀ, ಖೋಡಿ!" ಎಂದು ಗೋಡೆಗೊಂದು ಪೆಟ್ಟು ಕೊಟ್ಟಳು.

ಅವಳ ಪರ್ಸಿನಲ್ಲಿ ಎರಡು ವರ್ಷದಿಂದ ಮಡಚಿಟ್ಟ ಕಾಗದವಿತ್ತು: "ಅಕ್ಕಾ, ನನ್ನ ಮನಿಗೆ ಬಂದುಬಿಡು." ಯಾವ ಮನೆಗೆಂದು ಕರೆಯುವುದು? ಅದಕ್ಕೇ ಕಳಿಸಿರಲಿಲ್ಲ.

ಮೂಲೆಯಂಗಡಿಗೆ ಓಡಿ ಹಾಲನ್ನೂ ಕಡವಾಗಿ ಒಂದು ಸ್ಟವ್ವನ್ನೂ ತಂದಳು. ಕಟ್ಟೆಯ ಮುಂದೆ ಕೂತೇ ಉಕ್ಕಿಸಿದಳು. ಮುಂಬಾಗಿಲು ತಾನಾಗಿಯೇ ತೆರೆದುಕೊಂಡಿತು. ಅಕ್ಕನಿಗೆ ಬರೆದಿಟ್ಟ ಕಾಗದದ ಕೊನೆಗೆ ಈ ಮನೆಯ ವಿಳಾಸ ಸೇರಿಸಿ, ಮನಸ್ಸು ತಿರುಗುವ ಮುಂಚೆ ಅಂಚೆಡಬ್ಬಿಗೆ ಹಾಕಿ ಬಂದಳು.