ಜೊತೆಗೆ ಬಂದವರು

ಕರಿಸಿದ್ದಪ್ಪ ಸುಳ್ಳು ಹೇಳುತ್ತಿದ್ದರು. ರೂಪಶ್ರೀಗೆ ಈಗ ಅನುಮಾನವೇ ಉಳಿದಿರಲಿಲ್ಲ.

ಪರದೆಯ ಮೇಲೆ ಈಳಿಗೆಮಣೆಯ ಚಿತ್ರ ಬಂತು. ಅರ್ಧ ಗಂಟೆಯ ಹಿಂದೆ ಅವರಿಗೆ ತೋರಿಸಿದ್ದ ಇಪ್ಪತ್ತು ಚಿತ್ರಗಳಲ್ಲಿ ಅದೂ ಒಂದು. ಈಗ ಅವುಗಳ ನಡುವೆ ಹೊಸ ಇಪ್ಪತ್ತು ಚಿತ್ರ ಬೆರೆಸಿತ್ತು; ಮೊದಲು ನೋಡಿದ ನೆನಪಿದ್ದರೆ ಮಾತ್ರ ಗುಂಡಿ ಒತ್ತಬೇಕು. ಅವರು ಒತ್ತಲಿಲ್ಲ. ಆದರೆ ತಲೆಗೆ ತೊಡಿಸಿದ್ದ ತಂತಿಗಳ ಟೋಪಿ ಬೇರೆಯದನ್ನೇ ಹೇಳಿತು. ಕಂಡದ್ದನ್ನು ಗುರುತು ಹಿಡಿದಾಗ ಮಿದುಳಿನ ಅಲೆ ಸಣ್ಣಗೆ ಏರುತ್ತದೆ. ಏರಿತ್ತು. ಲಾಟೀನಿಗೂ ಏರಿತ್ತು, ಒನಕೆಗೂ ಏರಿತ್ತು.

"ಇದನ್ನ ಮೊದ್ಲು ನೋಡಿದ್ರಾ, ಯಜಮಾನ್ರೇ?"

"ನೆನಪಾಗ್ತಿಲ್ಲ ತಾಯಿ."

ತುಮಕೂರಿನ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದಿಂದ ಅವಳು ಮಾಡುತ್ತಿದ್ದುದು ಇದೊಂದೇ ಕೆಲಸ. ಮರೆವು ಶುರುವಾದವರೊಬ್ಬರು, ಅದೇ ಮನೆಯ ಮರೆವಿಲ್ಲದವರೊಬ್ಬರು. ಇಬ್ಬರಿಗೂ ಒಂದೇ ಪರೀಕ್ಷೆ. ಅವರ ಅಲೆಗಳ ನಡುವಿನ ಅಂತರವೇ ಅವಳ ಪ್ರಬಂಧ. ನಲವತ್ತು ಜೋಡಿ ಬೇಕಿತ್ತು, ಮೂವತ್ತೊಂಬತ್ತು ಮುಗಿದಿತ್ತು. ಸೋಮವಾರ ಎಲ್ಲವನ್ನೂ ಗೈಡ್ ಮುಂದಿಡಬೇಕು. ಕೊನೆಯ ಜೋಡಿ ಕುಣಿಗಲ್‌ನ ಮರೆವಿನ ತಪಾಸಣೆ ಕ್ಯಾಂಪಿನಲ್ಲಿ ಸಿಕ್ಕ ಈ ದಂಪತಿ: ಹುಲಿಯೂರುದುರ್ಗದಲ್ಲಿ ಚಿಲ್ಲರೆ ಅಂಗಡಿ ಇಟ್ಟಿರುವ ಕರಿಸಿದ್ದಪ್ಪ ಮತ್ತು ಅವರ ಹೆಂಡತಿ ಸರ್ವಮಂಗಳಮ್ಮ. ಒಂದು ಸುಳ್ಳು ಒಳಗೆ ಸೇರಿದರೆ ಮೂರು ವರ್ಷವೂ ಸುಳ್ಳು.

ಬೆಳಿಗ್ಗೆ ಅವರ ಮರೆವನ್ನು ಅವಳೂ ನಂಬಿದ್ದಳು. ಟೋಪಿ ಹಾಕುವ ಮೊದಲು ಜೇಬಿನಲ್ಲಿರುವುದನ್ನೆಲ್ಲ ಮೇಜಿನ ಮೇಲಿಡಿ ಎಂದಾಗ ಅವರ ಜೇಬಿನಿಂದ ಬಸ್ ಟಿಕೆಟ್ಟು, ಮನೆಯ ಬೀಗದ ಕೈ, ಜೊತೆಗೊಂದು ಗ್ಯಾಸ್ ಲೈಟರ್ ಹೊರಬಂದಿದ್ದವು.

"ನೋಡಮ್ಮ, ಒಲೆ ಹಚ್ಚೋ ಲೈಟರ್ ಜೇಬಿಗೆ ಇಳಿಸ್ಕೊಂಡು ಬಂದವ್ರೆ!" ಸರ್ವಮಂಗಳಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. "ಇವ್ರನ್ನ ಕಟ್ಕೊಂಡು ನಾನು ಏಗೋದು ಆ ಶಿವನಿಗೇ ಗೊತ್ತು."

ಕರಿಸಿದ್ದಪ್ಪ ತಲೆ ತಗ್ಗಿಸಿದ್ದರು. ರೂಪಶ್ರೀಗೆ ಅಯ್ಯೋ ಅನ್ನಿಸಿತ್ತು. ಸರ್ವಮಂಗಳಮ್ಮ ಮಾತ್ರ ಅವಳು ಗುಬ್ಬಿಯವಳೆಂದು ಕೇಳಿ ತಿಳಿದು, ಕೈ ಹಿಡಿದುಕೊಂಡು, ಅಲ್ಲಿನ ತಮ್ಮ ಚಿಕ್ಕಮ್ಮನ ಮನೆಯ ಬಾವಿಯ ನೀರಿನ ರುಚಿಯವರೆಗೂ ಹೇಳಿದ್ದರು.

ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಸಹಾಯಕಿ ಪ್ರಮೀಳಾ ಜೊತೆ ಸರ್ವಮಂಗಳಮ್ಮ ಗೆದ್ದವರಂತೆ ಬಂದರು. ಟೋಪಿಯ ಅಂಟು ಇನ್ನೂ ಬೈತಲೆಯಲ್ಲಿತ್ತು.

"ಬಂದಿದ್ದಕ್ಕೆಲ್ಲಾ ಒತ್ತಿದೆ ಕಣಮ್ಮ, ಒಂದೂ ಬಿಡ್ಲಿಲ್ಲ! ಇವ್ರು ಎಷ್ಟು ಒತ್ತಿದ್ರು?"

"ಒಂದೂ ಇಲ್ಲ."

"ಅಯ್ಯೋ ಪಾಪ, ಬುಡಿ." ಸೆರಗಿನಿಂದ ಗಂಡನ ಹಣೆ ಒರೆಸಿದರು. ರೂಪಶ್ರೀಯ ಕಡೆ ತಿರುಗಿ, "ಮುಖ ಲಕ್ಷಣವಾಗೈತೆ. ಯಾವೂರಮ್ಮ ನಿಮ್ದು?"

"ಗುಬ್ಬಿ," ಎಂದಳು ರೂಪಶ್ರೀ, ಪರದೆಯಿಂದ ಕಣ್ಣು ತೆಗೆಯದೆ. "ನೀವು ಟೀ ಕುಡ್ಕೊಂಡು ಬನ್ನಿ ಅಮ್ಮ. ಕ್ಯಾಂಟೀನ್ ಇಲ್ಲೇ ಎದುರಿಗಿದೆ."

"ಒಬ್ಳೇ ಬ್ಯಾಡ," ಕರಿಸಿದ್ದಪ್ಪ ತಟ್ಟನೆ ಹೇಳಿದರು. "ಆ ಮೇಡಮ್ಮೂ ಜೊತೆಗೆ ಹೋಗ್ಲಿ."

ಹೆಜ್ಜೆ ಸದ್ದು ದೂರವಾಗುವವರೆಗೆ ರೂಪಶ್ರೀ ಕಾದಳು. ಆಮೇಲೆ ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಬಾಯಲ್ಲಿ ಸುಳ್ಳು ಹೇಳ್ಬಹುದು ಯಜಮಾನ್ರೇ, ಈ ಗೆರೆ ಹೇಳಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ನಿಮಗೆ ನೆನಪಿದೆ. ರಿಪೋರ್ಟ್ ಯಾವಾಗ ಅಂತ ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ರಿ. ಯಾರಿಗೆ ತೋರಿಸೋಕೆ? ಬುದ್ಧಿ ಸರಿಯಿಲ್ಲ ಅಂತ ಕಾಗದ ಹಿಡ್ಕೊಂಡು ಜಮೀನು ಮಾರಿದ್ದ ಸಹಿ ರದ್ದು ಮಾಡಿಸ್ಬೇಕಾ?"

ಅವರು ಕೋಪಗೊಳ್ಳಲಿಲ್ಲ. ಬೆವರಿದ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡರು.

"ಹಂಗಾದ್ರೆ ನನ್ನ ತಲೆ ಸರಿಯಾಗೈತೆ ಅಂತೀರಾ?"

"ನನಗಿಂತ ಚೆನ್ನಾಗಿದೆ."

ಇಂಥ ಮಾತು ಕೇಳಿದವರ ಮುಖದಲ್ಲಿ ಬರುವ ನಿರಾಳ ಅವರ ಮುಖದಲ್ಲಿ ಬರಲಿಲ್ಲ.

"ನನ್ನ ಹೆಸ್ರು ಹೊಡೆದಾಕಿ ತಾಯಿ. ನಿಮ್ಮ ಕೆಲ್ಸ ಕೆಡಿಸಿದೆ, ತಪ್ಪಾಯ್ತು." ಪಕ್ಕದ ಕೋಣೆಯ ಕಡೆ ಕೈ ತೋರಿಸಿ ಕೇಳಿದರು, "ಅವಳ ಗೆರೆ ನೋಡಿದ್ರಾ?"

ನೋಡಿರಲಿಲ್ಲ. ಚೆನ್ನಾಗಿರುವವರ ಫೈಲನ್ನು ಯಾರೂ ಅವಸರದಿಂದ ತೆರೆಯುವುದಿಲ್ಲ. ರೂಪಶ್ರೀ ತೆರೆದಳು. ತೋರಿಸಿದ್ದ ಇಪ್ಪತ್ತು ಚಿತ್ರ, ತೋರಿಸದ ಇಪ್ಪತ್ತು ಚಿತ್ರ. ಎಲ್ಲದಕ್ಕೂ ಒಂದೇ ಗೆರೆ, ಎಲ್ಲೂ ಏರಿರಲಿಲ್ಲ. ಫೈಲು ಅದಲುಬದಲಾಗಿರಬೇಕು ಎಂದುಕೊಂಡು ಹೆಸರು ನೋಡಿದಳು, ಸಂಖ್ಯೆ ನೋಡಿದಳು. ಬದಲಾಗಿರಲಿಲ್ಲ. ಅವಳ ಕಣ್ಣು ಮೇಜಿನ ಮೇಲಿದ್ದ ಲೈಟರಿನತ್ತ ಹೋಯಿತು.

"ನಿಂಗೆ ಮರೆವು ಅಂತ ಅವಳಿಗೆ ಅಂದಿದ್ರೆ ಸತ್ರೂ ಬರ್ತಿರ್ಲಿಲ್ಲ," ಎಂದರು ಕರಿಸಿದ್ದಪ್ಪ, "ಜೊತೆಗೆ ಬಂದೋರಿಗೂ ಇದೇ ಪರೀಕ್ಷೆ ಅಂತ ಕ್ಯಾಂಪಲ್ಲಿ ನೀವೇ ಹೇಳಿದ್ರಲ್ಲ ತಾಯಿ, ಅದಕ್ಕೇ ಮರೆವು ನಂಗೆ ಅಂತ ಬರೆಸ್ದೆ."