ಹೂವಿನ ಅಪ್ಪಣೆ

ದೂರದ ಊರಿನಲ್ಲಿ ಇಂಟರ್‌ಯಾಕ್ಷನ್ ಡಿಸೈನ್ ಓದಲು ಮೇದಿನಿಗೆ ಸೀಟು ಸಿಕ್ಕಿತ್ತು. ಒಪ್ಪಿಗೆ ತಿಳಿಸಲು ಅಂದೇ ಕಡೆಯ ದಿನ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ಮಾವ ಇಬ್ಬರೇ. ಕೂತಲ್ಲಿ ಕೂರಲಾರದೆ ಅವಳು ಬೆಳಗಿನಿಂದ ಒಳಗೂ ಹೊರಗೂ ಅಲೆಯುತ್ತಿದ್ದಳು.

“ಅದೇನು ಓದಮ್ಮ ಅದು?”

“ಯಂತ್ರದ ಮುಂದೆ ಜನ ತಬ್ಬಿಬ್ಬಾಗದ ಹಾಗೆ ಅದನ್ನ ರೂಪಿಸೋದು, ಮಾವ.”

“ನನ್ನ ಫೋನ್ ಮಾಡಿದೋನು ಅದನ್ನ ಓದಿಲ್ಲ ಬಿಡು. ನಡಿ, ಆಂಜನೇಯಸ್ವಾಮಿನೇ ಕೇಳೋಣ. ಹೂ ಬಲಕ್ಕೆ ಬಿದ್ರೆ ಹೋಗು, ಎಡಕ್ಕೆ ಬಿದ್ರೆ ಬೇಡ.”

ಅರ್ಚಕರು ವಿಗ್ರಹಕ್ಕೆ ಹೂ ಏರಿಸಿದರು. ಮೇದಿನಿ ಎದುರಿಗೆ ಕೈಮುಗಿದು ನಿಂತಳು. ಬಹಳ ಹೊತ್ತಿನ ಮೇಲೆ ಹೂವೊಂದು ಜಾರಿ ಅವಳ ಎಡಗಡೆಗೆ ಬಿತ್ತು.

“ಆಯ್ತು ಮಾವ, ಹೋಗಲ್ಲ,” ಎಂದಳು.

ಮಾವ ತೀರ್ಥ ತೆಗೆದುಕೊಂಡರು, ಪ್ರದಕ್ಷಿಣೆ ಬಂದರು, ಚಪ್ಪಲಿ ಮೆಟ್ಟಿದರು. ಬೀದಿಯ ತಿರುವಿನವರೆಗೂ ಅವಳ ಜೊತೆ ನಡೆದು, ಗಕ್ಕನೆ ನಿಂತರು.

“ಬಲ ಯಾವುದು, ಎಡ ಯಾವುದು ಅಂತ ಸ್ವಾಮಿಯ ಕೈ ನೋಡಿ ಹೇಳ್ಬೇಕು ಮಗೂ, ನಮ್ಮ ಕೈ ನೋಡಿ ಅಲ್ಲ.”