ಗೋಡೆಯಾಚೆಯ ಸೀಬೆ

ವಿಜಯನಗರದ ತಳ್ಳುಗಾಡಿಯಿಂದ ಮಾಗಿದ ಸೀಬೆಹಣ್ಣಿನ ವಾಸನೆ ಬಂದರೆ ನಾನು ಈಗಲೂ ಒಂದು ಗಳಿಗೆ ನಿಂತುಬಿಡುತ್ತೇನೆ.

ಚಿಕ್ಕಂದಿನಲ್ಲಿ ನಾವಿದ್ದ ಹೇರೋಹಳ್ಳಿಯಲ್ಲಿ ಪಕ್ಕದ ಮನೆ ಗಿರಿಜಮ್ಮನವರ ಸೀಬೆಗಿಡದ ಕೊಂಬೆಯೊಂದು ನಮ್ಮ ಕಾಂಪೌಂಡಿನೊಳಗೆ ಬಾಗಿತ್ತು. ಚರ್ಚಿನ ಸುಗ್ಗಿ ಹಬ್ಬದ ಬೆಳಿಗ್ಗೆ ಅಜ್ಜಿ ಅದರ ಹಣ್ಣನ್ನೆಲ್ಲ ಕಿತ್ತು ಕಾಣಿಕೆಯ ಬುಟ್ಟಿ ತುಂಬಿದಳು.

"ಯಾರ ಮನೆ ಗಿಡದ್ದಮ್ಮಾ?" ಎಂದು ಪಾದ್ರಿಗಳು ಕೇಳಿದಾಗ "ನಮ್ಮನೇದೇ" ಅಂದಳು. ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಪ್ರಾರ್ಥನೆಗೆ ಮುಗಿದ ಅವಳ ಕೈಯಿಂದ ಹಣ್ಣಿನ ವಾಸನೆ ಬರುತ್ತಲೇ ಇತ್ತು.

ಆರಾಧನೆ ಮುಗಿದು ಕಾಣಿಕೆಗಳ ಹರಾಜು ಶುರುವಾದಾಗ ಅಜ್ಜಿ ತಾನೇ ತಂದ ಬುಟ್ಟಿಗೆ ಕೈಯೆತ್ತಿದಳು. ಎಲ್ಲರೂ ನಕ್ಕರೂ ಕೈ ಇಳಿಸದೆ, ದುಡ್ಡು ಕೊಟ್ಟು ಅದನ್ನು ಕೊಂಡಳು. ತಾವು ಕೊಟ್ಟಿದ್ದನ್ನು ಯಾರಾದರೂ ತಾವೇ ಕೊಳ್ಳುತ್ತಾರೆಯೇ? ಮಧ್ಯಾಹ್ನ ಊಟಕ್ಕೂ ಕೂರದೆ ಅವಳು ಬುಟ್ಟಿ ಹೊತ್ತು ಗಿರಿಜಮ್ಮನವರ ಬಾಗಿಲು ತಟ್ಟಿದಳು. ಏನಾಗುತ್ತದೋ ನೋಡಲು ನಾನೂ ಹಿಂದೆಯೇ ಓಡಿದೆ.

"ನಿಮ್ಮ ಹಣ್ಣು ತಾಯಿ. ಚರ್ಚಲ್ಲಿ ನಮ್ದು ಅಂದ್ಬಿಟ್ಟೆ. ತಪ್ಪಾಯ್ತು."

"ಅಯ್ಯೋ, ಕೇಳಿದ್ರೆ ಕೊಡ್ತಿರ್ಲಿಲ್ವೇನಮ್ಮಾ?"

"ಕೇಳ್ಲಿಲ್ವಲ್ಲ, ಅದಕ್ಕೇ ಬಂದೆ."

ಮುಂದಿನ ವರ್ಷ ಹಬ್ಬದ ಹಿಂದಿನ ದಿನ ಗಿರಿಜಮ್ಮನವರೇ ಗೋಡೆಯಾಚೆಯಿಂದ ನಮ್ಮ ಬುಟ್ಟಿ ಕೇಳಿ, ತುಂಬಿಸಿ ಕೊಟ್ಟರು. ಪಾದ್ರಿಗಳು ಮತ್ತೆ ಅದೇ ಪ್ರಶ್ನೆ ಕೇಳಿದರು.

"ಪಕ್ಕದ್ಮನೆ ಗಿರಿಜಮ್ಮೋರದು," ಎಂದಳು ಅಜ್ಜಿ, ಕೊನೆಯ ಬೆಂಚಿನವರಿಗೂ ಕೇಳುವ ಹಾಗೆ.